ಮೇಧಾವಿಗಳ ತಲೆಯೇ ಬೇರೆಯೇ?



ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಪಕ್ಕದ ಮನೆಯ ಹುಡುಗಿಗೆ ಗಣಿತದಲ್ಲಿ ನೂರಕ್ಕೆ ತೊಂಬತ್ತೆಂಟು ಬಂದರೆ "ಅವಳ ತಲೆಯೇ ಬೇರೆ ಬಿಡಿ" ಎನ್ನುತ್ತೇವೆ. ನಮ್ಮ ಮಗನಿಗೆ ಮೂವತ್ತೆಂಟು ಬಂದರೆ "ನಿನ್ನ ತಲೆಯಲ್ಲಿ ಏನು ಸಗಣಿ ತುಂಬಿದೆಯಾ?" ಎಂದು ಕೇಳುತ್ತೇವೆ. ಎರಡೂ ಮಾತಿನ ಹಿಂದಿರುವ ನಂಬಿಕೆ ಒಂದೇ. ಬುದ್ಧಿವಂತರ ತಲೆಬುರುಡೆಯೊಳಗೆ ಬೇರೆಯೇ ಒಂದು ವಸ್ತು ಇದೆ, ಅದು ಹುಟ್ಟಿನಿಂದಲೇ ಬಂದದ್ದು, ನಮ್ಮವನಿಗೆ ಅದು ಸಿಕ್ಕಿಲ್ಲ ಎಂಬುದೇ ಆ ನಂಬಿಕೆ.

ಇದು ನಿಜವೇ? ವಿಜ್ಞಾನಿಗಳೂ ಈ ಪ್ರಶ್ನೆ ಕೇಳಿಕೊಂಡಿದ್ದಾರೆ. ಕೇಳಿ ಸುಮ್ಮನಾಗಲಿಲ್ಲ. ತೀರಿಕೊಂಡ ಮೇಧಾವಿಗಳ ತಲೆ ತೆರೆದು, ಮೆದುಳನ್ನು ತಕ್ಕಡಿಯಲ್ಲಿಟ್ಟು ತೂಗಿ, ತೆಳುವಾದ ಹೋಳುಗಳಾಗಿ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ್ದಾರೆ. ಇನ್ನೂರು ವರ್ಷಗಳ ಆ ಹುಡುಕಾಟದ ಕಥೆ ಸ್ವಾರಸ್ಯಕರವಾಗಿದೆ. ಕೆಲವೆಡೆ ಅಸಹ್ಯವೂ ಆಗಿದೆ. ತಂದೆತಾಯಂದಿರಾದ ನೀವು ಅದನ್ನು ತಿಳಿದುಕೊಂಡಿರುವುದು ಒಳ್ಳೆಯದು.

ಎಲ್ಲರಿಗೂ ಗೊತ್ತಿರುವ ಹೆಸರಿನಿಂದಲೇ ಆರಂಭಿಸೋಣ. ಆಲ್ಬರ್ಟ್ ಐನ್‌ಸ್ಟೈನ್ ತೀರಿಕೊಂಡದ್ದು 1955ರ ಏಪ್ರಿಲ್ 18ರ ನಸುಕಿನಲ್ಲಿ, ಅಮೆರಿಕದ ಪ್ರಿನ್ಸ್‌ಟನ್ ಆಸ್ಪತ್ರೆಯಲ್ಲಿ. ಆಗ ಅವರಿಗೆ 76 ವರ್ಷ. ಹೊಟ್ಟೆಯೊಳಗಿನ ಮಹಾರಕ್ತನಾಳ ಒಡೆದಿತ್ತು; ಶಸ್ತ್ರಚಿಕಿತ್ಸೆ ಬೇಡವೆಂದು ಅವರೇ ಹೇಳಿದ್ದರು. ತಮ್ಮ ಎಲುಬುಗಳ ಮುಂದೆ ಜನ ಬಂದು ಕೈಮುಗಿಯುವಂತಾಗಬಾರದು ಎಂದು ದೇಹವನ್ನು ದಹಿಸಲು ಬಯಸಿದ್ದರು. ಹಾಗೆಯೇ ಆಯಿತು. ಬೂದಿಯನ್ನು ಗುಟ್ಟಾದ ಒಂದು ಸ್ಥಳದಲ್ಲಿ ಚೆಲ್ಲಿದರು. ಆದರೆ ಬೆಂಕಿಗೆ ಹೋದ ದೇಹದಲ್ಲಿ ಮೆದುಳು ಇರಲಿಲ್ಲ! ಶವಪರೀಕ್ಷೆ ನಡೆಸಿದ ಡಾ. ಥಾಮಸ್ ಹಾರ್ವೆ ಅದನ್ನು ತೆಗೆದು ಇಟ್ಟುಕೊಂಡಿದ್ದರು. ಮನೆಯವರನ್ನು ಮೊದಲು ಕೇಳಿರಲಿಲ್ಲ. ಸುದ್ದಿ ತಿಳಿದ ಮಗ ಹಾನ್ಸ್ ಆಲ್ಬರ್ಟ್, ಇದು ವಿಜ್ಞಾನಕ್ಕಾಗಿ ಮಾತ್ರ ಬಳಕೆಯಾಗಬೇಕು ಎಂಬ ಷರತ್ತಿನೊಡನೆ ಒಲ್ಲದ ಮನಸ್ಸಿನಿಂದ ಒಪ್ಪಿಗೆ ಕೊಟ್ಟರು.

ಮೆದುಳಿನ ತೂಕ 1,230 ಗ್ರಾಂ. ವಯಸ್ಕ ಗಂಡಸಿನ ಮೆದುಳು ಸರಾಸರಿ 1,350ರಿಂದ 1,400 ಗ್ರಾಂ ತೂಗುತ್ತದೆ. ಅಂದರೆ ಜಗತ್ತಿನ ಮಹಾಮೇಧಾವಿಯ ಮೆದುಳು ನಮ್ಮ ನಿಮ್ಮ ಮೆದುಳಿಗಿಂತ ತುಸು ಹಗುರವೇ ಆಗಿತ್ತು. ಹಾರ್ವೆ ಅದನ್ನು ಸುಮಾರು 240 ತುಂಡುಗಳಾಗಿ ಕೊಯ್ದು ಗಾಜಿನ ಜಾಡಿಗಳಲ್ಲಿಟ್ಟರು. ಮುಂದೆ ಅವರ ಆಸ್ಪತ್ರೆಯ ಕೆಲಸ ಹೋಯಿತು, ಊರುಗಳು ಬದಲಾದವು. ಹೋದಲ್ಲೆಲ್ಲ ಜಾಡಿಗಳು ಜೊತೆಯಲ್ಲೇ ಹೋದವು. 1978ರಲ್ಲಿ ಸ್ಟೀವನ್ ಲೆವಿ ಎಂಬ ಪತ್ರಕರ್ತರು ಹುಡುಕಿಕೊಂಡು ಹೋದಾಗ, ಹಾರ್ವೆ ಕಾನ್ಸಸ್ ರಾಜ್ಯದ ವಿಚಿಟಾ ಪಟ್ಟಣದಲ್ಲಿದ್ದರು. ಐನ್‌ಸ್ಟೈನರ ಮೆದುಳು ಅವರ ಕಚೇರಿಯ ಮೂಲೆಯಲ್ಲಿ, ಸೇಬಿನ ಪಾನೀಯದ ಹಳೆಯ ರಟ್ಟಿನ ಪೆಟ್ಟಿಗೆಯೊಂದರಲ್ಲಿತ್ತು.

ಇಷ್ಟೆಲ್ಲ ಆದ ಮೇಲೆ ಸಿಕ್ಕಿದ್ದೇನು? 1985ರಲ್ಲಿ ಕ್ಯಾಲಿಫೋರ್ನಿಯಾದ ಮೇರಿಯನ್ ಡೈಮಂಡ್ ಎಂಬ ವಿಜ್ಞಾನಿ ನಾಲ್ಕು ತುಂಡುಗಳನ್ನು ಪರೀಕ್ಷಿಸಿದರು. ಎಡಭಾಗದ ಒಂದು ತುಂಡಿನಲ್ಲಿ, ನರಕೋಶಗಳಿಗೆ ಆಸರೆಯಾಗಿ ನಿಂತು ಅವನ್ನು ಪೋಷಿಸುವ ಗ್ಲಯಾ ಎಂಬ ಕೋಶಗಳ ಪ್ರಮಾಣ ಇತರ 11 ಮಂದಿಯದಕ್ಕಿಂತ ಹೆಚ್ಚಿತ್ತು. ಉಳಿದ ಮೂರು ತುಂಡುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. 1999ರಲ್ಲಿ ಕೆನಡಾದ ಸ್ಯಾಂಡ್ರಾ ವಿಟಲ್ಸನ್ ಹಳೆಯ ಛಾಯಾಚಿತ್ರಗಳನ್ನೂ ಅಳತೆಗಳನ್ನೂ 35 ಗಂಡಸರ ಮೆದುಳಿನೊಡನೆ ಹೋಲಿಸಿದರು. ತಲೆಯ ಹಿಂಬದಿಯ ಮೇಲ್ಭಾಗದಲ್ಲಿರುವ ಪರೈಟಲ್ ಎಂಬ ಭಾಗ ಶೇಕಡಾ 15ರಷ್ಟು ಹೆಚ್ಚು ಅಗಲವಾಗಿದೆ ಎಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಆಕಾರ, ಅಂತರ, ಲೆಕ್ಕಗಳ ಕಲ್ಪನೆಗೆ ಈ ಭಾಗ ನೆರವಾಗುತ್ತದೆ. ಪತ್ರಿಕೆಗಳಿಗೆ ಇಷ್ಟು ಸಾಕಾಯಿತು. "ಮೇಧಾಶಕ್ತಿಯ ಗುಟ್ಟು ಬಯಲು" ಎಂಬ ಧಾಟಿಯಲ್ಲಿ ಸುದ್ದಿಯಾಯಿತು.

ಆದರೆ ತಾಳ್ಮೆಯಿಂದ ಯೋಚಿಸಿ. ನಿಮ್ಮ ಊರಿನಲ್ಲಿ ಎಲ್ಲರಿಗಿಂತ ರುಚಿಯಾಗಿ ಸಾರು ಮಾಡುವ ಅಜ್ಜಿಯೊಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ಅವರ ಅಂಗೈಯನ್ನು ಇಪ್ಪತ್ತು ಕಡೆ ಅಳೆದು, ಹತ್ತು ಹೆಂಗಸರ ಅಂಗೈಗಳ ಜೊತೆ ಹೋಲಿಸಿದರೆ ಒಂದಲ್ಲ ಒಂದು ಬೆರಳು ಉದ್ದವೋ ಗಿಡ್ಡವೋ ಇದ್ದೇ ಇರುತ್ತದೆ. ಸಾರಿನ ರುಚಿ ಆ ಬೆರಳಿನಿಂದ ಬಂತು ಎನ್ನುತ್ತೀರಾ? ಬೆರಳಿನ ಗುರುತಿನಂತೆ ಪ್ರತಿಯೊಬ್ಬರ ಮೆದುಳಿನ ಮಡಿಕೆಗಳೂ ಬೇರೆ ಬೇರೆ. ಒಬ್ಬರ ಮೆದುಳನ್ನು ಎಷ್ಟೋ ಕಡೆ ಅಳೆದರೆ ಎಲ್ಲಾದರೂ ವಿಶೇಷ ಕಂಡೇ ಕಾಣುತ್ತದೆ. ಈ ಅಧ್ಯಯನಗಳ ಮೇಲೆ ಇತರ ವಿಜ್ಞಾನಿಗಳು ಎತ್ತಿದ ಮುಖ್ಯ ಆಕ್ಷೇಪ ಇದೇ.

ಐನ್‌ಸ್ಟೈನರಿಗಿಂತ ಬಹಳ ಮುಂಚೆಯೇ ಈ ಹುಚ್ಚು ಆರಂಭವಾಗಿತ್ತು. ಸುಮಾರು 1800ರಲ್ಲಿ ವಿಯೆನ್ನಾ ನಗರದ ವೈದ್ಯ ಫ್ರಾನ್ಸ್ ಯೋಸೆಫ್ ಗಾಲ್, ತಲೆಬುರುಡೆಯ ಮೇಲಿನ ಉಬ್ಬುತಗ್ಗುಗಳನ್ನು ಮುಟ್ಟಿ ನೋಡಿ ಮನುಷ್ಯನ ಗುಣ, ಪ್ರತಿಭೆಗಳನ್ನು ಹೇಳಬಹುದೆಂದು ಬೋಧಿಸಿದ. ಕೈ ನೋಡಿ ಭವಿಷ್ಯ ಹೇಳುವವರು ನಮ್ಮಲ್ಲಿದ್ದಂತೆ ತಲೆ ಮುಟ್ಟಿ ಹೇಳುವವರು ಯುರೋಪಿನಲ್ಲಿ ಹುಟ್ಟಿಕೊಂಡರು. ಅವರ ಕೈಗೆ ಸಿಕ್ಕಿದವರಲ್ಲಿ ಒಬ್ಬರು ಮಹಾ ಸಂಗೀತಗಾರ, ಭಕ್ತ ಕಥೋಲಿಕ ಯೋಸೆಫ್ ಹೈಡನ್. 1809ರ ಮೇ 31ರಂದು ಅವರು ವಿಯೆನ್ನಾದಲ್ಲಿ ತೀರಿಕೊಂಡರು. ಕೆಲವೇ ದಿನಗಳಲ್ಲಿ ಇಬ್ಬರು ಅಭಿಮಾನಿಗಳು ಗೋರಿ ಅಗೆಯುವವನಿಗೆ ಲಂಚ ಕೊಟ್ಟು ತಲೆಯನ್ನು ಕದ್ದರು. ಸಂಗೀತದ ಉಬ್ಬು ಚೆನ್ನಾಗಿ ಬೆಳೆದಿದೆ ಎಂದು ಅವರಿಗೆ ಖಾತ್ರಿಯೂ ಆಯಿತಂತೆ. ಆಗದೆ ಇರುತ್ತದೆಯೇ? ಅದು ಹೈಡನ್ ತಲೆಯೆಂದು ಮೊದಲೇ ಗೊತ್ತಿತ್ತಲ್ಲ!

1820ರಲ್ಲಿ ರಾಜಕುಮಾರ ಎಸ್ಟರ್‌ಹಾಜಿ ದೇಹವನ್ನು ಐಸೆನ್‌ಸ್ಟಾಟ್ ಪಟ್ಟಣಕ್ಕೆ ಸಾಗಿಸಲು ಗೋರಿ ತೆರೆಸಿದಾಗ ಒಳಗೆ ಕೂದಲ ಟೋಪನ್ನಷ್ಟೇ ಕಂಡು ಎಲ್ಲರೂ ದಂಗಾದರು. ಕದ್ದವರು ಬೇರೆ ಯಾರದೋ ತಲೆಬುರುಡೆಯನ್ನು ಕೊಟ್ಟು ಕೈತೊಳೆದುಕೊಂಡರು. ನಿಜವಾದ ತಲೆ ಮರಳಿ ಸಮಾಧಿ ಸೇರಿದ್ದು 1954ರಲ್ಲಿ, 145 ವರ್ಷಗಳ ಬಳಿಕ. ಮೊದಲು ಇಟ್ಟಿದ್ದ ಅಪರಿಚಿತನ ತಲೆಯನ್ನೂ ಅಲ್ಲಿಂದ ತೆಗೆಯಲಿಲ್ಲ. ಹೀಗಾಗಿ ಐಸೆನ್‌ಸ್ಟಾಟಿನ ದೇವಾಲಯದ ಆ ಸಮಾಧಿಯಲ್ಲಿ ಇಂದು ಒಂದು ದೇಹ, ಎರಡು ತಲೆಗಳು ಪುನರುತ್ಥಾನಕ್ಕಾಗಿ ಕಾಯುತ್ತಿವೆ. ಮೃತರ ದೇಹವನ್ನು ಗೌರವದಿಂದ ಕಾಣಬೇಕೆಂದು ಧರ್ಮಸಭೆ ಕಲಿಸುತ್ತದೆ. ಅದೇ ಧರ್ಮಸಭೆ ವೈಜ್ಞಾನಿಕ ಸಂಶೋಧನೆಗಾಗಿ ಶವಪರೀಕ್ಷೆಯನ್ನೂ ಮರಣಾನಂತರದ ಅಂಗದಾನವನ್ನೂ ಒಪ್ಪುತ್ತದೆ (ಧರ್ಮೋಪದೇಶ ಗ್ರಂಥ, 2300–2301). ದಾನಕ್ಕೂ ಕಳ್ಳತನಕ್ಕೂ ಇರುವ ಅಂತರವನ್ನು ನಾನು ವಿವರಿಸಬೇಕಾಗಿಲ್ಲ.

ತಲೆಬುರುಡೆಯ ಉಬ್ಬುಗಳು ಸುಳ್ಳೆಂದು ತಿಳಿದ ಮೇಲೆ ತಕ್ಕಡಿ ಬಂತು. ರಷ್ಯದ ಕಾದಂಬರಿಕಾರ ತುರ್ಗೆನೆವ್ 1883ರಲ್ಲಿ ತೀರಿಕೊಂಡಾಗ ಅವರ ಮೆದುಳು 2,012 ಗ್ರಾಂ ತೂಗಿತು. ದೊಡ್ಡ ಲೇಖಕ, ದೊಡ್ಡ ಮೆದುಳು ಎಂದು ಎಲ್ಲರೂ ತಲೆದೂಗಿದರು. 1924ರಲ್ಲಿ ಫ್ರೆಂಚ್ ಲೇಖಕ ಅನಾತೋಲ್ ಫ್ರಾನ್ಸ್ ತೀರಿಕೊಂಡರು. 1921ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು ಅವರು. (ಅವರ ಪುಸ್ತಕಗಳನ್ನು ನಮ್ಮ ಧರ್ಮಸಭೆ ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿಸಿತ್ತು, ಅದು ಬೇರೆ ವಿಷಯ.) ಅವರ ಮೆದುಳು ತೂಗಿದ್ದು 1,017 ಗ್ರಾಂ. ಇಬ್ಬರೂ ಮೇಧಾವಿಗಳೇ, ಒಬ್ಬರದು ಇನ್ನೊಬ್ಬರದರ ಅರ್ಧ. ತೂಕವೇ ಬುದ್ಧಿಯಾಗಿದ್ದರೆ ಆನೆ ನಮಗೆಲ್ಲ ಪಾಠ ಹೇಳಬೇಕಿತ್ತು.

ಅದೇ 1924ರಲ್ಲಿ ಲೆನಿನ್ ಕೂಡ ತೀರಿಕೊಂಡರು. ಅವರ ಮೇಧಾಶಕ್ತಿಗೆ ಭೌತಿಕ ಕಾರಣ ತೋರಿಸಬೇಕೆಂದು ಸೋವಿಯತ್ ಸರಕಾರ ಜರ್ಮನಿಯಿಂದ ಆಸ್ಕರ್ ಫೋಗ್ಟ್ ಎಂಬ ತಜ್ಞರನ್ನು ಕರೆಸಿತು. ಮಾಸ್ಕೋದಲ್ಲಿ ಮೆದುಳಿನ ಸಂಸ್ಥೆಯನ್ನೇ ಕಟ್ಟಿಸಿತು. ಲೆನಿನ್ ಮೆದುಳನ್ನು ಸುಮಾರು 31 ಸಾವಿರ ತೆಳು ಪದರಗಳಾಗಿ ಕೊಯ್ದರು. ಒಂದು ಪದರದಲ್ಲಿ ಕೆಲವು ಕೋಶಗಳು ದೊಡ್ಡದಾಗಿವೆ ಎಂದು ಫೋಗ್ಟ್ 1929ರಲ್ಲಿ ವರದಿ ಮಾಡಿದರು. ಆತ್ಮವೇ ಇಲ್ಲವೆಂದು ಸಾರಿದ ಸರಕಾರ, ತನ್ನ ನಾಯಕನ ದೇಹವನ್ನು ಗಾಜಿನ ಪೆಟ್ಟಿಗೆಯಲ್ಲೂ ಮೆದುಳನ್ನು ಪ್ರಯೋಗಶಾಲೆಯಲ್ಲೂ ಕಾಯ್ದಿಟ್ಟಿತು.

ಎಲ್ಲಕ್ಕಿಂತ ನನಗೆ ಇಷ್ಟವಾದ ಕಥೆ ಜರ್ಮನಿಯ ಗಾಟಿಂಗನ್ ನಗರದ್ದು. ಗಣಿತಜ್ಞರ ರಾಜನೆಂದೇ ಹೆಸರಾದ ಕಾರ್ಲ್ ಫ್ರೀಡ್ರಿಕ್ ಗೌಸ್ 1855ರಲ್ಲಿ ಅಲ್ಲಿ ನಿಧನರಾದರು. ಅವರ ಮೆದುಳನ್ನು ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಜಾಡಿಯಲ್ಲಿಟ್ಟು ಕಾಪಾಡಿಕೊಂಡು ಬಂದರು. 2013ರಲ್ಲಿ ರೆನಾಟೆ ಶ್ವೈಟ್ಸರ್ ಎಂಬ ಸಂಶೋಧಕಿ ಅದರ ಸ್ಕ್ಯಾನ್ ಚಿತ್ರಗಳನ್ನು 1860ರ ಸುಮಾರಿನಲ್ಲಿ ಬಿಡಿಸಿದ್ದ ಚಿತ್ರಗಳ ಜೊತೆ ಹೋಲಿಸಿದರು. ಎರಡೂ ಹೊಂದಲಿಲ್ಲ. ಕೊನೆಗೆ ತಿಳಿದದ್ದು ಇಷ್ಟು: ಗೌಸ್ ಎಂದು ಚೀಟಿ ಅಂಟಿಸಿದ್ದ ಜಾಡಿಯಲ್ಲಿದ್ದುದು, ಅದೇ ವರ್ಷ ಅದೇ ಊರಿನಲ್ಲಿ ತೀರಿಕೊಂಡ ಕಾನ್ರಾಡ್ ಹೈನ್ರಿಕ್ ಫುಕ್ಸ್ ಎಂಬ ವೈದ್ಯರ ಮೆದುಳು! ಗೌಸರದು ಫುಕ್ಸ್ ಹೆಸರಿನ ಜಾಡಿಯಲ್ಲಿತ್ತು. ನೂರೈವತ್ತು ವರ್ಷ ಯಾರಿಗೂ ಅನುಮಾನ ಬರಲಿಲ್ಲ. ನಿಜವಾದ ಗೌಸ್ ಮೆದುಳನ್ನು ನೋಡಿದಾಗ, ಆ ವಯಸ್ಸಿನ ಯಾರದೇ ಮೆದುಳಿನಂತೆ ಅದು ಸಾಮಾನ್ಯವಾಗಿತ್ತು. ಮೇಧಾವಿಯ ಮೆದುಳು ಕಣ್ಣಿಗೆ ಕಾಣುವಷ್ಟು ಬೇರೆಯಾಗಿದ್ದರೆ ಚೀಟಿ ಅದಲುಬದಲಾದದ್ದು ಅಂದೇ ಗೊತ್ತಾಗಬೇಕಿತ್ತಲ್ಲವೇ?

ಹಾಗಾದರೆ ಎಲ್ಲ ಮೆದುಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದೂ ಸುಳ್ಳಾಗುತ್ತದೆ. ಜೀವಂತ ಜನರ ಮೆದುಳನ್ನು ಸ್ಕ್ಯಾನ್ ಮಾಡಿ, ಸಾವಿರಾರು ಜನರ ಲೆಕ್ಕ ಒಟ್ಟಿಗೆ ಸೇರಿಸಿದಾಗ, ಮೆದುಳಿನ ಗಾತ್ರಕ್ಕೂ ಬುದ್ಧಿಪರೀಕ್ಷೆಯ ಅಂಕಕ್ಕೂ ಒಂದು ಸಣ್ಣ ಸಂಬಂಧ ಕಾಣುತ್ತದೆ. ಎಷ್ಟು ಸಣ್ಣದೆಂದರೆ, ಒಬ್ಬರ ಮೆದುಳಿನ ಗಾತ್ರ ತಿಳಿದು ಅವರು ಜಾಣರೋ ಅಲ್ಲವೋ ಎಂದು ಹೇಳಲಾಗುವುದಿಲ್ಲ. ಹುಟ್ಟಿನಿಂದ ಬರುವ ವ್ಯತ್ಯಾಸಗಳೂ ಇವೆ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನಿಗೆ ಲೆಕ್ಕ ಬೇಗ ಹತ್ತುತ್ತದೆ, ಇನ್ನೊಬ್ಬನಿಗೆ ಹತ್ತುವುದಿಲ್ಲ. ಅದನ್ನು ಅಲ್ಲಗಳೆಯಬೇಕಾಗಿಲ್ಲ.

ಆದರೆ ಇತ್ತೀಚಿನ ಸಂಶೋಧನೆಯಲ್ಲಿ ಹೆಚ್ಚು ಗಟ್ಟಿಯಾಗಿ ತಿಳಿದುಬಂದ ಸಂಗತಿ ಇನ್ನೊಂದಿದೆ. ಲಂಡನ್ ನಗರದಲ್ಲಿ ಟ್ಯಾಕ್ಸಿ ಪರವಾನಗಿ ಬೇಕಾದರೆ ಸುಮಾರು 25 ಸಾವಿರ ಬೀದಿಗಳನ್ನು ಬಾಯಿಪಾಠ ಮಾಡಬೇಕು. ಮೂರುನಾಲ್ಕು ವರ್ಷ ಹಿಡಿಯುತ್ತದೆ. ಎಲಿನರ್ ಮಗ್ವೈರ್ ಎಂಬ ವಿಜ್ಞಾನಿ 2000ದಲ್ಲಿ ಈ ಚಾಲಕರ ಮೆದುಳನ್ನು ಪರೀಕ್ಷಿಸಿ, ದಾರಿಯ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಅವರಲ್ಲಿ ದೊಡ್ಡದಾಗಿದೆ ಎಂದು ತೋರಿಸಿದರು. ಹಾಗೆ ಹುಟ್ಟಿದವರೇ ಚಾಲಕರಾದರೋ, ಕಲಿತದ್ದರಿಂದ ಹಾಗಾಯಿತೋ? ಇದನ್ನು ತಿಳಿಯಲು ಅವರ ತಂಡ ಕಲಿಕೆ ಆರಂಭಿಸುತ್ತಿದ್ದ 79 ಮಂದಿಯನ್ನು ವರ್ಷಗಳ ಕಾಲ ಹಿಂಬಾಲಿಸಿತು. ಆರಂಭದಲ್ಲಿ ಎಲ್ಲರ ಮೆದುಳೂ ಒಂದೇ ತೆರನಾಗಿತ್ತು. ಕೊನೆಯವರೆಗೆ ಕಲಿತು ಉತ್ತೀರ್ಣರಾದ 39 ಮಂದಿಯಲ್ಲಿ ಮಾತ್ರ ಆ ಭಾಗ ಬೆಳೆದಿತ್ತು. 2011ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಪ್ರತಿ ಮನೆಯಲ್ಲೂ ಓದಿ ಹೇಳಬೇಕೆಂದು ನನಗೆ ಅನಿಸುತ್ತದೆ. ಬೀದಿಗಳು ತಲೆಗೆ ಹೋದಂತೆ ತಲೆಯೇ ಬದಲಾಯಿತು! ಐನ್‌ಸ್ಟೈನರ ಮೆದುಳಿನ ಬಲಭಾಗದಲ್ಲಿ, ಎಡಗೈಯನ್ನು ನಡೆಸುವ ಜಾಗದಲ್ಲಿ, ಒಂದು ಗುಬುಟು ಕಂಡಿತ್ತು. ಚಿಕ್ಕಂದಿನಿಂದ ಪಿಟೀಲು ನುಡಿಸಿದವರಲ್ಲಿ ಅಂಥದ್ದು ಕಾಣುತ್ತದೆ. ಐನ್‌ಸ್ಟೈನ್ ಬಾಲ್ಯದಿಂದಲೂ ಪಿಟೀಲು ನುಡಿಸುತ್ತಿದ್ದರು.

ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರನ್ನು ನೀವು ಬಲ್ಲಿರಿ. 1980ರ ಜೂನ್ 18ರಂದು ಲಂಡನ್ನಿನಲ್ಲಿ, ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲೇ ಗುಣಿಸಿ ಉತ್ತರ ಹೇಳಿದವರು ಅವರು. 1988ರಲ್ಲಿ ಆರ್ಥರ್ ಜೆನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಅವರನ್ನು ಪರೀಕ್ಷಿಸಿದರು. ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಅವರ ವೇಗ ಸಾಮಾನ್ಯ ಜನರಷ್ಟೇ ಇತ್ತು. ಸಂಖ್ಯೆಗಳ ವಿಷಯದಲ್ಲಿ ಮಾತ್ರ ಅವರು ಮಿಂಚು. ಎಳವೆಯಿಂದಲೂ ಸಂಖ್ಯೆಗಳ ಜೊತೆಯೇ ಆಡಿ ಬೆಳೆದ ಮನಸ್ಸು ಅದು.

ಯಾರು ಮೇಧಾವಿಯಾಗುತ್ತಾರೆಂದು ಮುಂಚಿತವಾಗಿ ಆರಿಸುವ ಪ್ರಯತ್ನವೂ ನಡೆದಿದೆ. 1921ರಲ್ಲಿ ಕ್ಯಾಲಿಫೋರ್ನಿಯಾದ ಲೂಯಿಸ್ ಟರ್ಮನ್ ಬುದ್ಧಿಪರೀಕ್ಷೆ ಮಾಡಿ ಸುಮಾರು 1,500 ಮಕ್ಕಳನ್ನು ಆರಿಸಿ ಜೀವನಪರ್ಯಂತ ಅವರನ್ನು ಗಮನಿಸುವ ವ್ಯವಸ್ಥೆ ಮಾಡಿದರು. ಅವರಲ್ಲಿ ಬಹಳ ಮಂದಿ ಒಳ್ಳೆಯ ಉದ್ಯೋಗಗಳಿಗೆ ಹೋದರು. ನೊಬೆಲ್ ಪ್ರಶಸ್ತಿ ಯಾರಿಗೂ ಬರಲಿಲ್ಲ. ಪರೀಕ್ಷೆಯಲ್ಲಿ ಸಾಲದೆಂದು ಬಿಟ್ಟುಬಿಟ್ಟ ಮಕ್ಕಳಲ್ಲಿ ಇಬ್ಬರಿಗೆ ಬಂತು: ವಿಲಿಯಂ ಶಾಕ್ಲಿಗೆ 1956ರಲ್ಲಿ, ಲೂಯಿಸ್ ಆಲ್ವಾರೆಜ್‌ಗೆ 1968ರಲ್ಲಿ.

ಇಷ್ಟು ವಿಜ್ಞಾನ ಸಾಕು. ಈಗ ನಮ್ಮ ವಿಶ್ವಾಸದ ಕಡೆಗೆ ಬರೋಣ. "ಬುದ್ಧಿ ಆತ್ಮದ್ದಲ್ಲವೇ ಫಾದರ್, ಮೆದುಳಿಗೇನು ಕೆಲಸ?" ಎಂದು ಕೆಲವರು ಕೇಳುತ್ತಾರೆ. ಸಂತ ತೋಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಈ ಲೋಕದಲ್ಲಿ ಇರುವಷ್ಟು ಕಾಲ ನಮ್ಮ ಬುದ್ಧಿ ಇಂದ್ರಿಯಗಳಿಂದಲೂ ಕಲ್ಪನೆಯಿಂದಲೂ ಬಂದ ಚಿತ್ರಗಳನ್ನು ಆಶ್ರಯಿಸಿಯೇ ಕೆಲಸ ಮಾಡುತ್ತದೆ; ಆದ್ದರಿಂದ ದೇಹದ ಆ ಅಂಗಕ್ಕೆ ಪೆಟ್ಟಾದರೆ ಅರಿವಿಗೂ ಅಡ್ಡಿಯಾಗುತ್ತದೆ ಎನ್ನುತ್ತಾರೆ ಅವರು. ಒಬ್ಬ ಇನ್ನೊಬ್ಬನಿಗಿಂತ ಚೆನ್ನಾಗಿ ಅರಿಯಬಲ್ಲನೇ ಎಂಬ ಪ್ರಶ್ನೆಯನ್ನೂ ಎತ್ತಿ, ಹೌದು, ಕಲ್ಪನೆ, ನೆನಪುಗಳಿಗೆ ಬೇಕಾದ ದೇಹದ ಹದ ಕೆಲವರಲ್ಲಿ ಹೆಚ್ಚು ಚೆನ್ನಾಗಿರುತ್ತದೆ ಎಂದು ಒಪ್ಪುತ್ತಾರೆ (ಸುಮ್ಮಾ ಥಿಯೊಲಾಜಿಯೆ, ಮೊದಲ ಭಾಗ, 84 ಮತ್ತು 85ನೆಯ ಪ್ರಶ್ನೆಗಳು). ಆದುದರಿಂದ ಮೆದುಳಿನ ಸಂಶೋಧನೆಗೆ ಕಥೋಲಿಕರು ಹೆದರಬೇಕಾದ ಕಾರಣವೇ ಇಲ್ಲ. ಸಹಪಾಠಿಗಳು ಈ ತೋಮಸರನ್ನೇ "ಮೂಕ ಎತ್ತು" ಎಂದು ಹಾಸ್ಯ ಮಾಡುತ್ತಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು. ಈ ಎತ್ತಿನ ಕೂಗು ಲೋಕವೆಲ್ಲ ಕೇಳುವ ದಿನ ಬರುತ್ತದೆ ಎಂದು ಅವರ ಗುರು ಸಂತ ಆಲ್ಬರ್ಟರು ಹೇಳಿದರಂತೆ.

ನಿಸ್ಸಾದ ಸಂತ ಗ್ರೆಗೊರಿಯವರು ನಾಲ್ಕನೆಯ ಶತಮಾನದಲ್ಲಿ ಇನ್ನೊಂದು ಹೋಲಿಕೆ ಕೊಟ್ಟರು. ಮನಸ್ಸು ವಾದಕನಂತೆ, ದೇಹ ವಾದ್ಯದಂತೆ. ವಾದ್ಯ ಕೆಟ್ಟರೆ ಎಷ್ಟೇ ಒಳ್ಳೆಯ ವಾದಕನಿದ್ದರೂ ಸ್ವರ ಸರಿಯಾಗಿ ಹೊರಡುವುದಿಲ್ಲ. ಹೋಲಿಕೆ ಸುಂದರವಾಗಿದೆ, ಆದರೆ ಸ್ವಲ್ಪ ಕುಂಟುತ್ತದೆ ಎಂದು ಗುರುಮಠದಲ್ಲಿ ನಮ್ಮ ತತ್ವಶಾಸ್ತ್ರದ ಪ್ರಾಧ್ಯಾಪಕರು ಹೇಳುತ್ತಿದ್ದರು. ವಾದಕ ಬೇರೆ, ಪಿಟೀಲು ಬೇರೆ. ಕಛೇರಿ ಮುಗಿದ ಮೇಲೆ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಅವನು ಊಟಕ್ಕೆ ಹೋಗಬಹುದು. ಮನುಷ್ಯ ಹಾಗಲ್ಲ. ಆತ್ಮವು ದೇಹಕ್ಕೆ ಜೀವ ಕೊಡುವ ರೂಪ, ಎರಡೂ ಸೇರಿ ಒಂದೇ ಸ್ವಭಾವ ಎಂದು ಧರ್ಮಸಭೆ ಬೋಧಿಸುತ್ತದೆ. 1312ರಲ್ಲಿ ವಿಯೆನ್ ಮಹಾಸಭೆ ಇದನ್ನು ಸ್ಪಷ್ಟಪಡಿಸಿತು. ಅಂದರೆ ಯೋಚಿಸುವುದು ಮೆದುಳಲ್ಲ, ಮೆದುಳಿಲ್ಲದ ಆತ್ಮವೂ ಅಲ್ಲ. ನಿಮ್ಮ ಮಗ ಯೋಚಿಸುತ್ತಾನೆ, ನಿಮ್ಮ ಮಗಳು ಯೋಚಿಸುತ್ತಾಳೆ. ಐನ್‌ಸ್ಟೈನರ ಮೆದುಳನ್ನು ಜಾಡಿಯಲ್ಲಿಟ್ಟವರಿಗೆ ಐನ್‌ಸ್ಟೈನ್ ಸಿಗದೆ ಹೋದದ್ದು ಇದರಿಂದಲೇ. ಅವರು ಹುಡುಕುತ್ತಿದ್ದ ವ್ಯಕ್ತಿ ಅಲ್ಲಿರಲಿಲ್ಲ.

ಮೆದುಳಿನ ಬಗ್ಗೆ ನಮ್ರತೆಯಿಂದ ಮಾತಾಡಿದ ವಿಜ್ಞಾನಿಯೊಬ್ಬರು ನಮ್ಮ ಧನ್ಯರ ಪಟ್ಟಿಯಲ್ಲಿದ್ದಾರೆಂದು ಬಹಳ ಮಂದಿಗೆ ತಿಳಿಯದು. ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸನ್, ಲ್ಯಾಟಿನಿನಲ್ಲಿ ಸ್ಟೆನೊ, ತಮ್ಮ ಕಾಲದ ಶ್ರೇಷ್ಠ ಅಂಗರಚನಾ ತಜ್ಞರು. 1665ರಲ್ಲಿ ಪ್ಯಾರಿಸಿನ ವಿದ್ವಾಂಸರ ಮುಂದೆ ಮೆದುಳಿನ ಬಗ್ಗೆ ಉಪನ್ಯಾಸ ಕೊಡಲು ನಿಂತಾಗ, ಈ ವಿಷಯದಲ್ಲಿ ತನಗೇನೂ ತಿಳಿಯದೆಂದು ಹೇಳಿಯೇ ಮಾತು ಆರಂಭಿಸಿದರು. ಊಹೆಗಳನ್ನು ಬಿಟ್ಟು ಕಣ್ಣಾರೆ ಕಂಡದ್ದನ್ನೇ ಹೇಳಿರೆಂದು ಒತ್ತಾಯಿಸಿದರು. ಎರಡು ವರ್ಷಗಳ ಬಳಿಕ ಕಥೋಲಿಕ ವಿಶ್ವಾಸವನ್ನು ಸ್ವೀಕರಿಸಿ, ಮುಂದೆ ಗುರುಗಳಾಗಿ, ಧರ್ಮಾಧ್ಯಕ್ಷರಾಗಿ, ಬಡತನದಲ್ಲಿ ಬದುಕಿ 1686ರಲ್ಲಿ ತೀರಿಕೊಂಡರು. 1988ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಅವರಿಗೆ ಧನ್ಯ ಪದವಿ ನೀಡಿದರು.

ಇನ್ನೊಂದು ತುದಿಯಲ್ಲಿ ನಮ್ಮ ಧರ್ಮಕೇಂದ್ರದ ಗುರುಗಳ ಪಾಲಕ ಸಂತ ಜಾನ್ ಮರಿಯ ವಿಯಾನ್ನಿ. ಲ್ಯಾಟಿನ್ ತಲೆಗೆ ಹತ್ತದೆ ಲಿಯೋನ್ ಗುರುಮಠದಿಂದ ಮನೆಗೆ ಕಳುಹಿಸಲ್ಪಟ್ಟವರು. ಅವರನ್ನು ಬಲ್ಲ ಒಬ್ಬ ಗುರುಗಳು ಕೈಬಿಡದೆ, ಅವರಿಗೆ ತಿಳಿಯುವ ಭಾಷೆಯಲ್ಲಿ ಪಾಠ ಹೇಳಿಕೊಟ್ಟರು. 1815ರಲ್ಲಿ ಗುರುದೀಕ್ಷೆಯಾಯಿತು. ಆರ್ಸ್ ಎಂಬ ಆ ಸಣ್ಣ ಹಳ್ಳಿಗೆ ಫ್ರಾನ್ಸಿನ ಮೂಲೆಮೂಲೆಯಿಂದ ಜನ ಪಾಪನಿವೇದನೆಗೆ ಬರತೊಡಗಿದರು. ಓದಿದವರೂ ಬಂದು ಸಾಲಿನಲ್ಲಿ ನಿಂತರು. ಅವರ ಹೃದಯವನ್ನು ಇಂದಿಗೂ ಆರ್ಸ್‌ನಲ್ಲಿ ಕಾಪಾಡಲಾಗಿದೆ. "ನೀವೂ ಹಾಗಾದರೆ ಅಂಗಗಳನ್ನು ಇಟ್ಟುಕೊಳ್ಳುತ್ತೀರಲ್ಲ" ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಆ ಹೃದಯವನ್ನು ಯಾರೂ ತೂಗಿ ನೋಡಿ ಪುಣ್ಯದ ಲೆಕ್ಕ ಹಾಕಿಲ್ಲ.

ಈಗ ಮನೆಯ ಮಾತಿಗೆ ಬರುತ್ತೇನೆ. ಧರ್ಮಕೇಂದ್ರದ ಕಚೇರಿಗೆ ಮಕ್ಕಳನ್ನು ಕರೆದುಕೊಂಡು ಬರುವ ಕೆಲವು ತಂದೆಯರು, ಮಗ ಪಕ್ಕದಲ್ಲೇ ನಿಂತಿರುವಾಗ "ಇವನ ತಲೆ ಇಷ್ಟೇ ಫಾದರ್, ದೊಡ್ಡವನು ಜಾಣ" ಎಂದುಬಿಡುತ್ತಾರೆ. ಆ ಹುಡುಗನ ಕಣ್ಣು ನೆಲ ನೋಡುವುದನ್ನು ನಾನು ಕಾಣುತ್ತೇನೆ, ತಂದೆಗೆ ಕಾಣುವುದಿಲ್ಲ. ಗೌಸ್ ಮೆದುಳಿನ ಜಾಡಿಗೆ ತಪ್ಪು ಚೀಟಿ ಅಂಟಿದ್ದನ್ನು ತಿಳಿಯಲು ನೂರೈವತ್ತು ವರ್ಷ ಬೇಕಾಯಿತು. ಎಂಟು ವರ್ಷದ ಮಗುವಿಗೆ ನಾವು ಅಂಟಿಸುವ "ದಡ್ಡ" ಎಂಬ ಚೀಟಿಯನ್ನು ಕೀಳುವವರು ಯಾರು? ಮಗು ಅದನ್ನು ನಂಬಿಬಿಡುತ್ತದೆ, ಪುಸ್ತಕ ತೆರೆಯುವುದನ್ನೇ ಬಿಡುತ್ತದೆ. "ನೀನು ಹುಟ್ಟಾ ಜಾಣ" ಎಂಬ ಚೀಟಿಯೂ ಅಷ್ಟೇ ಅಪಾಯ. ಮೊದಲ ಸಲ ಅಂಕ ಕಡಿಮೆಯಾದಾಗ ಆ ಮಗುವಿಗೆ ಮುಖ ತೋರಿಸಲು ಜಾಗ ಉಳಿಯುವುದಿಲ್ಲ.

ಪ್ರಭು ಯೇಸು ಹೇಳಿದ ತಲೆಂತುಗಳ ಸಾಮತಿ (ಮತ್ತಾಯ 25) ನಿಮಗೆ ಗೊತ್ತಿದೆ. ತಲೆಂತು ಎಂದರೆ ಆಗಿನ ಕಾಲದಲ್ಲಿ ಬೆಳ್ಳಿಯನ್ನು ತೂಗುವ ಒಂದು ಭಾರೀ ತೂಕ. ಒಂದೇ ತಲೆಂತು ಕೂಲಿಯವನ ವರ್ಷಗಟ್ಟಲೆ ದುಡಿಮೆಗೆ ಸಮ. ಒಂದನ್ನು ಪಡೆದವನು ಬಡವನೇನಲ್ಲ. ಅವನು ಕೆಟ್ಟದ್ದು ಹೆದರಿಕೆಯಿಂದ. ಯಜಮಾನ ಕಠಿಣನೆಂದು ಹೆದರಿ, ಸಿಕ್ಕಿದ್ದನ್ನು ಮಣ್ಣಿನಲ್ಲಿ ಹೂತ. ಮಕ್ಕಳಿಗೆ ಆ ಹೆದರಿಕೆ ಮನೆಯಲ್ಲೇ ಹುಟ್ಟುತ್ತಿದೆಯೇ ಎಂದು ಗಂಡಹೆಂಡಿರು ಒಂದು ರಾತ್ರಿ ಕುಳಿತು ಮಾತಾಡಿಕೊಳ್ಳಿ.

ಮೆದುಳು ದೇವರು ಕೊಟ್ಟ ಅಂಗ. ಅದನ್ನು ನೋಡಿಕೊಳ್ಳುವುದೂ ನಮ್ಮ ಕರ್ತವ್ಯ. ದೇಹದ ತೂಕದಲ್ಲಿ ಶೇಕಡಾ 2ರಷ್ಟಿರುವ ಅದು, ನಾವು ತಿಂದ ಅನ್ನದ ಶಕ್ತಿಯಲ್ಲಿ ಐದನೆಯ ಒಂದು ಪಾಲನ್ನು ಬಳಸುತ್ತದೆ. ಬೆಳಗಿನ ತಿಂಡಿ ಇಲ್ಲದೆ ಶಾಲೆಗೆ ಹೋದ ಮಗುವಿಗೆ ಪಾಠ ಹತ್ತದಿದ್ದರೆ ಆಶ್ಚರ್ಯವೇನು? ಗರ್ಭಿಣಿಗೆ ಅಯೋಡಿನ್ ಸಾಲದಿದ್ದರೆ ಮಗುವಿನ ಮೆದುಳು ಸರಿಯಾಗಿ ಬೆಳೆಯದು. ಆದ್ದರಿಂದ ಅಡುಗೆಗೆ ಅಯೋಡಿನ್ ಉಪ್ಪನ್ನೇ ತನ್ನಿ. ರಕ್ತಹೀನತೆ ಇದೆಯೇ ಎಂದು ಪರೀಕ್ಷೆ ಮಾಡಿಸಿ. ರಾತ್ರಿ ಹನ್ನೊಂದರವರೆಗೆ ಮೊಬೈಲ್ ಕೊಟ್ಟು ಬೆಳಗ್ಗೆ ಐದಕ್ಕೆ ಟ್ಯೂಷನ್ನಿಗೆ ಎಬ್ಬಿಸಬೇಡಿ. ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಎಲ್ಲಕ್ಕಿಂತ ಮೊದಲು ಕಣ್ಣು, ಕಿವಿ ತೋರಿಸಿ. ಹಿಂದಿನ ಬೆಂಚಿನ "ದಡ್ಡ" ಹುಡುಗನಿಗೆ ಒಮ್ಮೊಮ್ಮೆ ಬೇಕಾದದ್ದು ಒಂದು ಕನ್ನಡಕ ಮಾತ್ರ. ಅಕ್ಷರಗಳು ತಲೆಕೆಳಗಾಗಿ ತೊಡಕುವ ಮಕ್ಕಳಿದ್ದಾರೆ. ಅವರು ದಡ್ಡರಲ್ಲ, ಅವರಿಗೆ ಕಲಿಸುವ ವಿಧಾನ ಬೇರೆ.

ಕೊನೆಯದಾಗಿ, ಮೆದುಳು ನಿಜವಾಗಿಯೂ ಬೇರೆಯಾಗಿರುವ ಮಕ್ಕಳ ಮಾತು. ಡೌನ್ ಸಿಂಡ್ರೋಮ್ ಇರುವ ಮಗುವಿನ ಕೋಶಗಳಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರು ಇರುತ್ತದೆ. ಜೆರೋಮ್ ಲೆಜೂನ್, ಮಾರ್ಥ್ ಗೋತಿಯೆ, ರೇಮಂಡ್ ಟರ್ಪಾಂ ಎಂಬ ಫ್ರೆಂಚ್ ವೈದ್ಯರು 1959ರಲ್ಲಿ ಇದನ್ನು ಪ್ರಕಟಿಸಿದರು. ಲೆಜೂನ್ ಕಥೋಲಿಕರು. ತಾವು ಭಾಗಿಯಾದ ಈ ಶೋಧನೆಯನ್ನೇ ಬಳಸಿ ಇಂಥ ಮಕ್ಕಳನ್ನು ಗರ್ಭದಲ್ಲೇ ಗುರುತಿಸಿ ಇಲ್ಲವಾಗಿಸುವುದನ್ನು ಕಂಡು, ಜೀವಮಾನವೆಲ್ಲ ಅದರ ವಿರುದ್ಧ ದನಿ ಎತ್ತಿದರು. 2021ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಘೋಷಿಸಿತು. ಮನುಷ್ಯನ ಬೆಲೆ ಮೆದುಳಿನಲ್ಲಿದೆ ಎಂದು ಒಪ್ಪಿಬಿಟ್ಟರೆ ಈ ಮಕ್ಕಳನ್ನು ಎಲ್ಲಿ ನಿಲ್ಲಿಸುತ್ತೀರಿ? ದೇಹದಲ್ಲಿ ಬಲಹೀನವೆಂದು ತೋರುವ ಅಂಗಗಳೇ ಅತ್ಯಗತ್ಯವೆಂದು ಸಂತ ಪೌಲರು ಕೊರಿಂಥದವರಿಗೆ ಬರೆದದ್ದನ್ನು (1 ಕೊರಿಂಥ 12) ಮನೆಯಲ್ಲಿ ಓದಿ ನೋಡಿ.

ಇಂಥ ಮಕ್ಕಳ ತಂದೆತಾಯಿಗಳಲ್ಲಿ ಕೆಲವರು ಮಗುವನ್ನು ಬಲಿಪೂಜೆಗೆ ಕರೆತರುವುದಿಲ್ಲ. "ಅದಕ್ಕೆ ಏನೂ ಅರ್ಥವಾಗುವುದಿಲ್ಲ, ಗಲಾಟೆ ಮಾಡುತ್ತದೆ" ಎಂದು ಪ್ರಥಮ ಪರಮಪ್ರಸಾದದ ಮಾತೇ ಎತ್ತುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಇವರು ಕುಟುಂಬದ, ಸಮುದಾಯದ ವಿಶ್ವಾಸದಲ್ಲಿ ಪರಮಪ್ರಸಾದ ಸ್ವೀಕರಿಸಬಹುದೆಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2007ರಲ್ಲಿ ಬರೆದರು. ವಿಕಲಚೇತನರಿಗೆ ಸಂಸ್ಕಾರಗಳನ್ನು ಯಾರೂ ನಿರಾಕರಿಸುವಂತಿಲ್ಲ ಎಂದು 2020ರ ಧರ್ಮೋಪದೇಶದ ಮಾರ್ಗದರ್ಶಿ ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮ ಧರ್ಮಕೇಂದ್ರದ ಗುರುಗಳ ಬಳಿಗೆ ಹೋಗಿ ವಿಷಯ ತಿಳಿಸಿ. ಸಿದ್ಧತೆಗೆ ಹೆಚ್ಚು ತಿಂಗಳು ಬೇಕಾಗಬಹುದು. ಪುಸ್ತಕದ ಬದಲು ಚಿತ್ರ, ಹಾಡು, ಸನ್ನೆಗಳಿಂದ ಕಲಿಸಬಹುದು. ಇನ್ನೂ ಬಲಿಪೂಜೆಯಲ್ಲಿ ಅರ್ಪಿಸದ ಓಸ್ತಿಯನ್ನು ಬಾಯಲ್ಲಿಟ್ಟು ನುಂಗುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಬಹುದು. ದೊಡ್ಡ ಜನಸಂದಣಿ ಮಗುವಿಗೆ ಕಷ್ಟವಾದರೆ ವಾರದ ದಿನದ ಪೂಜೆಯನ್ನು ಆರಿಸಿಕೊಳ್ಳಿ. ನೀವೇ ಬಂದು ಹೇಳಲು ಸಂಕೋಚವಾದರೆ ಧರ್ಮೋಪದೇಶದ ಟೀಚರ್ ಹತ್ತಿರ ಹೇಳಿ ಕಳುಹಿಸಿ, ಗುರುಗಳೇ ನಿಮ್ಮ ಮನೆಗೆ ಬರುತ್ತಾರೆ.